ಷರಾ

ಫೆಬ್ರವರಿ ಕೊನೆಗೆ ಹಣ ಬಂತು.
ಮಾರ್ಚ್ ಮೂವತ್ತೊಂದರೊಳಗೆ ಏಷ್ಯಾವನ್ನು ಕೊಂಡು ಮುಗಿಸಬೇಕು
ಎಂದಿತು ಮೇಲಿನವರ ಟಿಪ್ಪಣಿ.
ಕೊಂಡೆವು. ನಲವತ್ತೊಂದು ರಟ್ಟಿನ ಪೆಟ್ಟಿಗೆ
ಮಾನಸಗಂಗೋತ್ರಿಯ ಮರದ ನೆರಳಲ್ಲಿ ಇಳಿದವು.

ದಾಖಲೆ ಪುಸ್ತಕ ತೆರೆದೆ.
ಕ್ರಮಸಂಖ್ಯೆ, ತಾರೀಖು, ಸರಿ.
ಕರ್ತೃ ಗೊತ್ತಿಲ್ಲ. ಶೀರ್ಷಿಕೆ ಗೊತ್ತಿಲ್ಲ.
ಬೆಲೆಯೊಂದು ಬಿಲ್ಲಿನಲ್ಲಿತ್ತು.
ಕೊನೆಯ ಅಂಕಣ, ಷರಾ.
ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ನಾನು ಬರೆದದ್ದು
'ಗೆದ್ದಲು ಹಿಡಿದಿದೆ', 'ಕಳೆದಿದೆ', 'ರಟ್ಟು ಹರಿದಿದೆ',
ಇಷ್ಟೇ.

ಮರಿಜವರಯ್ಯ ಪೆಟ್ಟಿಗೆ ಬಿಚ್ಚುತ್ತಾ ಕಣ್ಣಳತೆಯಲ್ಲೇ ಭಾಷೆ ವಿಂಗಡಿಸಿದ:
'ಇದು ಒಂದೊಂದಕ್ಷರನೂ ಜಂತೆ ತೊಲೆ ಇಟ್ಟ ಮನೆ, ಅಲ್ಲಿಗ್ ಹೋಗ್ಲಿ.
ಇದು ಒಗದ್ ಬಟ್ಟೆ ನೇತಾಕ್ದಂಗದೆ, ಆ ಕಡೀಕೆ.
ಇದ್ ನೋಡಿ ಮೇಡಂ, ಕಡ್ಲೆಕಾಳು ಚೆಲ್ದಂಗೆ ಗುಂಡುಗುಂಡಗೆ,
ನಮ್ ನೆಂಟ್ರೇ ಇರ್ಬೇಕು.'
ಹಾಗೆ ಬರ್ಮ ಕಪಾಟು ಸೇರಿತು,
ತಲೆಕೆಳಗಾಗಿ. ಯಾರಿಗೂ ಗೊತ್ತಾಗಲಿಲ್ಲ.
ಎಂಟು ತಿಂಗಳು ಹಾಗೇ ನಿಂತಿತ್ತು, ಪಾಪ,
ರಕ್ತವೆಲ್ಲ ತಲೆಗಿಳಿದು.

ಗುರುವಾರಗಳಂದು ಬೈಲಕುಪ್ಪೆಯ ಬಸ್ಸಿಳಿದು ಜಾಮ್ಯಾಂಗ್ ಬರುತ್ತಿದ್ದರು.
ಬಟ್ಟೆಯ ಗಂಟು ಬಿಚ್ಚಿ, ಉದ್ದುದ್ದ ಬಿಡಿ ಹಾಳೆ
ಹಣೆಗೆ ಮುಟ್ಟಿಸಿಕೊಂಡು ಹೆಸರು ಹೇಳುವರು;
ನಾನು ಕಿವಿಗೆ ಬಿದ್ದಷ್ಟು ಕನ್ನಡದಲ್ಲಿ ಬರೆದುಕೊಳ್ಳುವೆ.
ಬೆನ್ನಿಲ್ಲದ ಪುಸ್ತಕಕ್ಕೆ ಚೀಟಿ ಎಲ್ಲಿ ಅಂಟಿಸುವುದು?
ನಿಯಮದಂತೆ ಐವತ್ತೊಂದನೆಯ ಪುಟಕ್ಕೆ ಗುಟ್ಟಿನ ಮೊಹರು ಬೀಳಬೇಕು.
ಎತ್ತಿದೆ. ಅವರು ಏನೂ ಅನ್ನಲಿಲ್ಲ,
ಕಿಟಕಿಯ ಕಡೆ ತಿರುಗಿದರು, ಅಷ್ಟೆ.
ಮೊಹರು ಬಟ್ಟೆಯ ಮೇಲೆ ಬಿತ್ತು.
ಆಡಿಟ್‌ನವರು ಕೇಳಿದರೆ ನೋಡಿಕೊಳ್ಳೋಣ.

ಒಂಟಿಕೊಪ್ಪಲಿನಿಂದ ಆಟೋದಲ್ಲಿ ಟ್ರಂಕು ಹೇರಿಕೊಂಡು ಬಂದರು
ಪುಟ್ಟರಾಜಮ್ಮಣ್ಣಿ.
ಅಪ್ಪ ರೇಷ್ಮೆ ಇಲಾಖೆಯವರು;
ಜಪಾನಿಗೆ ಹೋಗಿ ಹುಳು ಸಾಕುವುದು ಕಲಿತು
ಹದಿನಾಲ್ಕು ಪುಸ್ತಕ ತಂದರಂತೆ.
'ಓದೋಕೆ ಬರ್ತಿತ್ತಾ?'
'ಇಲ್ಲ. ಚಿತ್ರ ನೋಡ್ತಿದ್ರು. ರಾತ್ರಿ ತಲೆದಿಂಬಿನ ಪಕ್ಕ ಇಟ್ಕೋತಿದ್ರು.
ಅಮ್ಮಂಗೆ ಅನುಮಾನ, ಒಳಗೆ ಯಾರದೋ ಕಾಗದ ಇದೆ ಅಂತ.'
ಆರನೆಯ ಪುಸ್ತಕದಲ್ಲಿತ್ತು.
ಕಾಗದವಲ್ಲ, ಹಿಪ್ಪುನೇರಳೆ ಎಲೆ,
ಅಂಚೆಲ್ಲ ಹುಳು ತಿಂದು
ನಡುವೆ ಬಿಟ್ಟದ್ದು.
ಅಲ್ಲಿನದೋ ಇಲ್ಲಿನದೋ, ಆಕೆಗೂ ಗೊತ್ತಿಲ್ಲ.

ಬಾಗಿಲಿಗೆ ಫಲಕ ಬಂತು: ಏಷ್ಯಾ ಅಧ್ಯಯನ ಸಂಗ್ರಹ.
ಏಣಿಯ ಮೇಲೆ, ಮೊಳೆ ಬಾಯಲ್ಲಿಟ್ಟುಕೊಂಡೇ ಕೇಳಿದ:
'ನಾವ್ ಯಾವ್ ಖಂಡ ಮೇಡಂ?'
'ಏಷ್ಯಾ.'
'ಮತ್ತೆ ನಮ್ ಪುಸ್ತಕ ಯಾಕೆ ಕೆಳಗಡೆ ಹಾಲ್‌ನಾಗವೆ?'
ವರ್ಗೀಕರಣದ ಕಥೆ ಶುರು ಮಾಡಿದೆ:
ಕನ್ನಡ ಸಾಹಿತ್ಯ ಎಂಟುನೂರ ತೊಂಬತ್ತನಾಲ್ಕರಲ್ಲಿ,
ಬರ್ಮದವರದು ತೊಂಬತ್ತೈದರಲ್ಲಿ...
ಹೇಳುತ್ತಾ ಹೇಳುತ್ತಾ ನಾನೇ ನಿಂತೆ.
ಪಕ್ಕದ ಮನೆ.
ನೆಂಟರು ಅಂತ ಅವನು ಆವತ್ತೇ ಅಂದಿದ್ದ.
ನಾವು ಅವರನ್ನು ಮಹಡಿ ಹತ್ತಿಸಿದ್ದೆವು.

ನವೆಂಬರಿನಲ್ಲಿ ಬಂದಳು ಖಿನ್ ಥಿರಿ.
ಊರು ಮಾಂಡಲೆ; ಹಾಸ್ಟೆಲಿನ ಗುಮಾಸ್ತ
ಮಂಡ್ಯ ಎಂದು ಬರೆದುಕೊಂಡಿದ್ದ,
ದಿನಾ ಬಸ್ಸಿನಲ್ಲಿ ಓಡಾಡಬಹುದಲ್ಲ ಎಂದು ರೂಮು ಕೊಟ್ಟಿರಲಿಲ್ಲ.
ಕಪಾಟಿನ ಮುಂದೆ ಕತ್ತು ಪೂರಾ ವಾಲಿಸಿ ನಕ್ಕಳು.
ಒಂದೊಂದೇ ತೆಗೆದು ತಿರುಗಿಸಿ ಇಟ್ಟಳು.
ಹದಿನೇಳನೆಯದಕ್ಕೆ ಕೈ ನಿಂತಿತು;
ಅಲ್ಲೇ ನೆಲದ ಮೇಲೆ ಕೂತಳು.
ಮುಚ್ಚುವ ಗಂಟೆ ಹೊಡೆದರೂ ಏಳಲಿಲ್ಲ.
ಏನದು ಎಂದೆ.
'ಅಡುಗೆ ಪುಸ್ತಕ' ಎಂದಳು, ಕಣ್ಣೊರೆಸಿಕೊಂಡು.
'ಉಪ್ಪು ಜಾಸ್ತಿ ಹೇಳಿದ್ದಾರೆ.'

ದೀಪ ಆರಿಸದೆ, ಬೀಗದ ಕೈ ಹಿಡಿದು
ಮರಿಜವರಯ್ಯ ಕಂಬಕ್ಕೊರಗಿ ನಿಂತ.
ನಾನು ದಾಖಲೆ ಪುಸ್ತಕ ಎಳೆದುಕೊಂಡು,
ಹಿಂದಿನ ಪುಟಗಳಲ್ಲಿ ಜಪಾನಿನ ಆರನೆಯದನ್ನು ಹುಡುಕಿ,
ಷರಾ ಬರೆದೆ:
'ಒಳಗೆ ಒಣಗಿದ ಎಲೆ ಒಂದು ಇದೆ. ತೆಗೆಯತಕ್ಕದ್ದಲ್ಲ.'