ಮೂರನೆಯ ಪ್ರತಿ

ಗಾದಿಲಿಂಗ ಹೇಳಿಯೇ ಇದ್ದ:
ಅಣ್ಣಾ, ಲೆಕ್ಕ ಮೂರು ಕಡೆ ಇರಲಿ,
ಒಂದಾದರೂ ಊರಾಚೆ.

ಇಟ್ಟಿದ್ದೆ. ಒಂದು ಕಂಪ್ಯೂಟರಿನಲ್ಲಿ,
ಒಂದು ಅದರ ಕೆಳಗಿನ ಡ್ರಾದಲ್ಲಿ.
ಕೌಲ್ ಬಜಾರಿನ ಹಳೇ ಸ್ವಿಚ್ಚು ಒಂದು ರಾತ್ರಿ ಕಿಡಿ ಕಾರಿ
ಎರಡನ್ನೂ ಒಂದೇ ತುತ್ತಿಗೆ ಉಂಡಿತು.

ಇನ್ನೊಂದು ಪೆನ್‌ಡ್ರೈವು, ನನ್ನ ಜೀನ್ಸಿನ
ಪುಟ್ಟ ಕಿಸೆಯಲ್ಲಿ. ಯಾತಕ್ಕೆ ಇದು ಅಂತ
ಗಿರಾಕಿಗಳು ಕೇಳುತ್ತಾರಲ್ಲ, ಆ ಕಿಸೆ.
ಪ್ಯಾಂಟು ಸ್ಯಾಂಪಲ್ಲೆಂದು ವಾಷಿಂಗಿಗೆ ಹೋಗಿ
ಕಲ್ಲುಗಳ ಜೊತೆ ಎರಡು ತಾಸು ಹೊರಳಿ ಬಂತು.
ಬಣ್ಣವೇನೋ ಚೆನ್ನಾಗಿ ಬಿಟ್ಟಿತ್ತು.

ಮರುದಿನದಿಂದ ಫೋನು.
ಜಿಪ್ಪಿನ ಶೇಠ್, ದಾರದವ, ಗುಂಡಿಯವ
ನಾನು ಕೊಡಬೇಕಾದ್ದನ್ನು ಪೈಸೆ ಸಮೇತ ಹೇಳಿದರು.
ನನಗೆ ಕೊಡಬೇಕಾದವರು
"ನೀವೇ ನೋಡಿ ಹೇಳ್ರಿ" ಎಂದರು,
ಬಹಳ ಮರ್ಯಾದೆಯಿಂದ.

ಕಾಜಾ ಹಾಕುವ ಹುಲಿಗೆಮ್ಮ ಬಾಗಿಲಲ್ಲಿ ನಿಂತಳು:
"ಎರಡು ಸಾವಿರ ಮುಂಗಡ ತಗಂಡೀನಿ, ಬರಕಳ್ರಿ."
ಎಲ್ಲಿ ಬರಕೊಳ್ಳಲಿ?
ಕಟಿಂಗ್ ಮೇಜಿನ ಮೇಲೆ ಸೀಮೆಸುಣ್ಣವಿತ್ತು.
ಮೇಜಿಗೇ ಬರೆದೆ.

ಫೋಟೊ ತೆಗೆದು
ಹಗರಿ ದಂಡೆಯ ಮೋಕಾದಲ್ಲಿರುವ ತಂಗಿಗೆ ಕಳಿಸಿದೆ.
ಏನಣ್ಣಾ ಇದು, ಅಂದಳು.
ಇಟ್ಟಿರು, ಅಂದೆ.