ಇಪ್ಪತ್ತಮೂರು ಕಿಲೋ

ಹೊಸಂಗಡಿ ರೈಲ್ವೇ ಗೇಟಿನ ಆಚೆ
ಗುಜರಿ ಅಂದುಂಞಿಯ ತಕ್ಕಡಿ ಕೊಕ್ಕೆಯಲ್ಲಿ
ನನ್ನ ಪೆಟ್ಟಿಗೆ ನೇತಾಡುತ್ತಿದೆ,
ರೆಕ್ಕೆ ಮುರಿದ ಫ್ಯಾನು, ತುಕ್ಕು ಬಾಗಿಲುಗಳ ನಡುವೆ.
"ಇಪ್ಪತ್ತೈದೂವರೆ ಉಂಟು ಟೀಚರೇ,
ಎರಡೂವರೆ ಇಳಿಸಬೇಕು.
ವಿಮಾನದವರು ನನ್ನ ಹಾಗೆ ಕಣ್ಣು ಮುಚ್ಚಲಿಕ್ಕಿಲ್ಲ."

ಇಳಿಸಬೇಕು. ಏನನ್ನು?

ಸಭೆಯವರು ಕೊಟ್ಟ ಕನ್ನಡಕ, ಅರುವತ್ತೊಂದು,
ಹಲ್ವದ ಹಳೇ ಡಬ್ಬಿಯಲ್ಲಿ.
ತೀರಿಕೊಂಡವರದೂ ಇವೆ:
ಸಲೋಮಿ ಬಾಯಿಯದು, ಒಂದು ಕಡ್ಡಿಗೆ ನೂಲು ಸುತ್ತಿದ್ದು.
ಅಪ್ಪನದು ಎಲ್ಲಕ್ಕಿಂತ ಅಡಿಯಲ್ಲಿ.
ಅದನ್ನು ಹಾಕಿದೆ, ತೆಗೆದೆ,
ರಾತ್ರಿ ಎದ್ದು ಮತ್ತೆ ಹಾಕಿದೆ.

ಪಂಪಿಗೆ ವಾಷರು ಎರಡು ಡಜನ್.

ಮೊದಲ ಸಲ ಹೋದಾಗ ಇವು ಯಾವುವೂ ಇರಲಿಲ್ಲ.
ಬಣ್ಣದ ಚಾರ್ಟು ಒಯ್ದಿದ್ದೆ: ಸೇಬು, ಹಡಗು, ಹಿಮದ ಮನೆ.
ಮಲಾವಿಯ ಆ ಮಾವಿನ ಮರದಡಿ
ನೂರಹನ್ನೆರಡು ಮಕ್ಕಳು ಸೇಬು ನೋಡಿ
ಟೊಮೆಟೊ ಎಂದರು. ತಿದ್ದಿದೆ.
ಮರುದಿನವೂ ಟೊಮೆಟೊ.
ನನ್ನ ಬಾಯಲ್ಲಿ ತನ್ನ ಭಾಷೆ ಕುಂಟಿದಾಗೆಲ್ಲ
ಒಂಬತ್ತು ವರ್ಷದ ಚಿಸೊಮೊ
ನಗದೆ, ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ
ತಿದ್ದುತ್ತಿದ್ದ.

ಸರೋವರದ ದಡದಲ್ಲಿ ಬಿದಿರ ತಟ್ಟಿಯ ಮೇಲೆ
ಸಣ್ಣ ಮೀನು ಒಣಗುವ ವಾಸನೆಗೆ
ಕಣ್ಣು ಮುಚ್ಚಿದರೆ ಕಣ್ವತೀರ್ಥ, ಬೊಳಂಜಿರು.
ತೆರೆದರೆ ಮಾತ್ರ ಯಾರದೋ ಊರು.

ಪಂಪು ಹಾಕಿದ ದಿನ ಫೋಟೊ ತೆಗೆದೆವು.
ಪ್ರಾರ್ಥನೆ, ಚಪ್ಪಾಳೆ, ಮೊದಲ ಕೊಡ ತುಂಬಿದ ಸದ್ದು.
ವಾಷರು ಸವೆದರೆ ಯಾರು, ಎಲ್ಲಿಂದ ತರುವುದು
ಎಂದು ಯಾರೂ ಕೇಳಲಿಲ್ಲ.
ನಾನೂ.
ಊರಿಗೆ ಬಂದ ಮೂರನೇ ತಿಂಗಳು
ಫೋನಿನಲ್ಲಿ ತಿಯಾಮಿಕೆಯ ದನಿ:
"ಪಂಪು ಗಾಳಿ ಕುಡಿಯುತ್ತಿದೆ ಟೀಚರ್,
ನಾವು ಮತ್ತೆ ಸರೋವರದ ನೀರಿಗೆ."
ಅವಳ ಹಿಂದೆ ಯಾರೋ ಮಗುವಿನ ಕೆಮ್ಮು.

ಕಳೆದ ಆದಿತ್ಯವಾರ ಸಭಾಪಾಲಕರು
ನನ್ನನ್ನು ಮುಂದೆ ನಿಲ್ಲಿಸಿ ತ್ಯಾಗ ಎಂದರು.
ತಲೆ ತಗ್ಗಿಸಿದೆ.
ನಮ್ರತೆ ಎಂದುಕೊಂಡಿರಬೇಕು ಎಲ್ಲರೂ.

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವಳು ತಾಹಿರಾ,
ನನ್ನ ಶಿಷ್ಯೆ, ಈಗ ನನ್ನದೇ ಕುರ್ಚಿಯ ಟೀಚರ್.
"ಕನ್ನಡ ಒಂದನೇ ಕ್ಲಾಸಿಗೆ ಈ ಸಲ ನಾಲ್ಕೇ ಮಕ್ಕಳು.
ಅಷ್ಟು ದೂರ ಹೋಗುವವರು
ಇಷ್ಟು ಹತ್ತಿರ ಬರಬಹುದಿತ್ತಲ್ಲ?"
ಉತ್ತರ ಇತ್ತು.
ಬಾಯಿಗೆ ಬರುವಷ್ಟರಲ್ಲಿ ಅದು
ಉತ್ತರದ ಹಾಗೆ ಕಾಣಲಿಲ್ಲ.

ಬಸ್ಸಿನ ಬೋರ್ಡು ಓದಲು ಬಾರದೆ
ತನ್ನದೇ ಊರಿನ ಬಸ್ಸು ತಪ್ಪಿಸಿಕೊಂಡು
ಬಿಸಿಲಲ್ಲಿ ನಿಂತಿದ್ದಳು ನನ್ನಮ್ಮ, ಒಂದು ಮಧ್ಯಾಹ್ನ.
ಅಕ್ಷರ ಬರುತ್ತಿತ್ತು ಅವಳಿಗೆ. ಆ ಅಕ್ಷರ ಬರುತ್ತಿರಲಿಲ್ಲ.
ತಾಹಿರಾಳಿಗೆ ಇದನ್ನಾದರೂ ಹೇಳಬಹುದಿತ್ತು.
ಅದೂ ಇಲ್ಲೇ ಇರಲು ಹೇಳುವ ಕಾರಣವೇ ಅಲ್ಲವೇ?

ಇಳಿಸಿದೆ: ರೇಷ್ಮೆ ಸೀರೆ.
ನೆಬೀಸಾದ ಕೊಟ್ಟ ಮಾವಿನ ಉಪ್ಪಿನಕಾಯಿ, ಅತ್ತ ಹಾಗೆ ಆಯಿತು.
ದಪ್ಪ ರಟ್ಟಿನ ಸತ್ಯವೇದ.
ಅಲ್ಲಿ ಅವರದೇ ಉಂಟು. ಕಳೆದುಹೋದ ಕುರಿಯ ಸಾಮ್ಯವನ್ನು
ಚಿಸೊಮೊ ಓದುವಾಗ
ಕುರಿಯ ಹೆಸರು ಅರ್ಥವಾಗದೆ
ಕಳೆದುಹೋದದ್ದು ಮಾತ್ರ ಅರ್ಥವಾಗಿತ್ತು ನನಗೆ.

ಮುಳ್ಳು ಇಪ್ಪತ್ತಮೂರಕ್ಕೆ ಬಂದು ನಡುಗಿ ನಿಂತಿತು.
ಅಂದುಂಞಿ ದುಡ್ಡು ತೆಗೆದುಕೊಳ್ಳಲಿಲ್ಲ.
ಮೊಳೆ, ಬೀಗ, ಸತ್ತ ಗಡಿಯಾರಗಳ ಡ್ರಾಯರು ಕೆದಕಿ
ಗೀರು ಬಿದ್ದ ಕನ್ನಡಕವೊಂದನ್ನು ಲುಂಗಿಗೆ ಒರೆಸಿ,
"ಇದನ್ನೂ ಇಡಿ. ಇದರ ತೂಕ ನಾನು ನೋಡಲಿಲ್ಲ."

ಗೇಟು ಬಿತ್ತು. ಪೆಟ್ಟಿಗೆ ಕಾಲ ಬಳಿ ಇಟ್ಟು
ಆ ಕನ್ನಡಕ ಹಾಕಿ ನೋಡಿದೆ:
ಎದುರಿನ ಬೋರ್ಡು ಇನ್ನಷ್ಟು ಮಸುಕು.
ಯಾರದೋ ಕಣ್ಣಿಗೆ ಸರಿಹೋದೀತು.