ಎರಡು ಸಲ ಹಾಜರ್

ಗುರುವಾರ ಗುರುವಾರ ಕೋಡಿಯಾಲಬೈಲಿನ ಆ ಗೇಟಿನಲ್ಲಿ
ಮೊಬೈಲು ಕೊಟ್ಟು ಟೋಕನ್ ತೆಗೆದುಕೊಳ್ಳುತ್ತೇನೆ.
ಚೀಲದಲ್ಲಿ ಇಪ್ಪತ್ತೊಂದು ಪ್ರಶ್ನೆಗಳ ಫಾರಂ,
ಒಂದು ಪೆನ್ನು. ಎರಡನೆಯದಕ್ಕೆ ಅನುಮತಿಯಿಲ್ಲ.

ವಾರ್ಡರ್ ಲೋಕಯ್ಯ ಹೇಳಿದ್ದು ಇಷ್ಟು:
"ಆ ಬಂಗಾಳಿಗೆ ತಲೆ ಸರಿ ಇಲ್ಲ ಮೇಡಂ.
ಬೆಳಗ್ಗೆ ಹೆಸರು ಕರೆದರೆ ಎರಡು ಸಲ ಹಾಜರ್ ಅನ್ನುತ್ತಾನೆ.
ಒಂದು ಅವನ ದನಿ. ಇನ್ನೊಂದು ಸ್ವಲ್ಪ ಸಣ್ಣದು.
ನನ್ನ ಲೆಕ್ಕ ತಪ್ಪುತ್ತದೆ."

ರೊಯಿಸ್ ಮಿಯಾ. ವಯಸ್ಸು ಇಪ್ಪತ್ತಾರೋ, ಇಪ್ಪತ್ತೆಂಟೋ.
ಊರು: ಮಳೆಗಾಲವಿಡೀ ಕೆರೆಯಾಗುವ ಒಂದು ಊರು, ಗಡಿಯ ಆಚೆ.
ಅಪರಾಧ: ಕಾಗದ ಇಲ್ಲದಿರುವುದು.
ಉದ್ಯೋಗ: ಮಲ್ಪೆಯ ಬೋಟಿನಲ್ಲಿ ಬಲೆ ಎಳೆಯುವುದು,
ಆಮೇಲೆ ಉಳ್ಳಾಲದಲ್ಲಿ ಮೀನಿನ ಹುಡಿಯ ಕಾರ್ಖಾನೆ.

ಪ್ರಶ್ನೆ ಏಳು: ಬೇರೆಯವರಿಗೆ ಕೇಳದ ದನಿ ನಿಮಗೆ ಕೇಳುತ್ತದೆಯೆ?
ನನ್ನ ಕನ್ನಡ ಗೋಡೆಗೆ ಎಸೆದ ಚೆಂಡು.
ನನ್ನ ಹಿಂದಿ ಅವನಿಗೆ ಪೊಲೀಸರ ಭಾಷೆ;
"ಬೋಲೋ" ಅಂದದ್ದೇ ತಡ,
ಎರಡೂ ಕೈ ತಲೆಯ ಮೇಲೆ ಅಡ್ಡ ಇಟ್ಟುಕೊಂಡ.

ಕೊನೆಗೆ ಮೂರನೇ ಬ್ಯಾರಕ್ಕಿನಿಂದ ಇದಿನಬ್ಬ ಬಂದರು,
ಚೆಕ್ ಬೌನ್ಸ್ ಕೇಸಿನವರು, ಒಣಮೀನಿನ ವ್ಯಾಪಾರಿ,
ಹತ್ತು ವರ್ಷ ಬಂದರಿನಲ್ಲಿ ಬಂಗಾಳಿ ಹುಡುಗರಿಂದ
ಬೈಗುಳ, ರೇಟು ಎರಡನ್ನೂ ಕಲಿತವರು.
ಏಳನೇ ಪ್ರಶ್ನೆ ಕೇಳಲಿಲ್ಲ. "ತಿಂದೆಯಾ?" ಎಂದರು.
"ನಿಮ್ಮಲ್ಲಿ ಒಣಮೀನನ್ನು ಮಡಕೆಯಲ್ಲಿ ತುಂಬಿ ಹೂಳುತ್ತಾರಂತೆ, ಹೌದಾ?"
ಅವನ ಮೂಗು ಮೊದಲು ನಕ್ಕಿತು. ಬಾಯಿ ಆಮೇಲೆ.

ನಗುವಿನ ಬೆನ್ನಿಗೇ ಅಳು.

ತೊಯ್ಬುರ್ ಎಂಬ ತಮ್ಮ. ಅದೇ ಬೋಟು.
ಹಗ್ಗ ಕಾಲಿಗೆ ಸುತ್ತಿಕೊಂಡಿತು, ಕತ್ತಲೆ, ಅಷ್ಟೇ.
ಎರಡು ತಾಸು ಹುಡುಕಿದರು. ಡೀಸೆಲ್ ಸಾಲದೆ ತಿರುಗಿದರು.
ದೂರು ಕೊಡುವುದು ಹೇಗೆ? ಹಡೆದವಳನ್ನು ಬಿಟ್ಟರೆ
ಅವನು ಹುಟ್ಟಿದ್ದಕ್ಕೂ ಸಾಕ್ಷಿಯಿಲ್ಲ.
"ಮೈ ತೊಳೆಯಲಿಲ್ಲ, ಬಟ್ಟೆ ಸುತ್ತಲಿಲ್ಲ.
ನನ್ನನ್ನು ಹಿಡಿದ ದಿನ ಅವನೂ ಜೊತೆಗೇ ಒಳಗೆ ಬಂದ.
ಅವನ ಹೆಸರು ಇಲ್ಲಿ ಯಾರೂ ಕರೆಯುವುದಿಲ್ಲ.
ಅದಕ್ಕೆ ನಾನೇ ಹೇಳುತ್ತೇನೆ."

ನನ್ನ ಪೆನ್ನು ಏಳರ ಮುಂದೆ ನಿಂತಿತ್ತು.
ಹೌದು, ಇಲ್ಲ. ಎರಡು ಚೌಕ.

ಆಟಿ ತಿಂಗಳಲ್ಲಿ ನನ್ನ ಅಜ್ಜಿ ಸತ್ತವರಿಗೆ ಎಲೆ ಹಾಕುತ್ತಿದ್ದಳು,
ಕೋಳಿ, ರೊಟ್ಟಿ, ಒಂದು ಗ್ಲಾಸು ಕಳ್ಳು.
ಬಾಗಿಲು ಎಳೆದು ನಾವೆಲ್ಲ ಜಗಲಿಯಲ್ಲಿ ಉಸಿರು ಬಿಗಿಹಿಡಿದು ಕೂತರೆ
ಅವಳು ಒಳಗಿನ ಸದ್ದಿಗೆ ಕಿವಿಗೊಟ್ಟು
"ನಿನ್ನ ದೊಡ್ಡಮಾವ ಉಪ್ಪು ಕೇಳ್ತಾನೆ" ಅನ್ನುತ್ತಿದ್ದಳು.
ಯಾರೂ ಅವಳ ಮುಂದೆ ಫಾರಂ ಹಿಡಿಯಲಿಲ್ಲ.

ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಒಳ್ಳೆಯವರು, ದಣಿದವರು.
ನಿದ್ದೆಯ ಮಾತ್ರೆ ಉಳಿಸಿದರು, ಅದು ಅವನಿಗೆ ಬೇಕೇ ಇತ್ತು.
ಇನ್ನೊಂದರ ಮೇಲೆ ಅಡ್ಡಗೆರೆ ಎಳೆದು
"ಎರಡು ವಾರ ನೋಡೋಣ" ಎಂದರು.

ಉಳಿದ ಮದ್ದು ಇದಿನಬ್ಬರ ಹತ್ತಿರ ಇತ್ತು.
"ಎದುರಿಗೆ ಮಯ್ಯತ್ ಇಲ್ಲದೆಯೂ ನಮಾಜ್ ನಮ್ಮಲ್ಲಿ ಉಂಟು ಮೇಡಂ.
ಇವರಲ್ಲಿ ಇಲ್ಲವಂತೆ. ಮದ್‌ಹಬ್ ಬೇರೆ."
ಮೂರು ದಿನ ಇಬ್ಬರೂ ಅದನ್ನೇ ವಾದಿಸಿದರು.
ಕೊನೆಗೆ ರೊಯಿಸ್ ಅಂದನಂತೆ:
"ಸತ್ತದ್ದು ನಿಮ್ಮ ಕಡಲಿನಲ್ಲಿ. ನಿಮ್ಮ ಕ್ರಮವೇ ಆಗಲಿ."

ಶುಕ್ರವಾರ, ನಲ್ಲಿಯ ಪಕ್ಕದ ಸಿಮೆಂಟಿನ ಮೇಲೆ ಹನ್ನೊಂದು ಜನ.
ನಾನಿರಲಿಲ್ಲ. ಲೋಕಯ್ಯ ಹೇಳಿದ್ದು:
"ಬಗ್ಗಲಿಲ್ಲ, ಕೂರಲಿಲ್ಲ, ನಿಂತಲ್ಲೇ ಮುಗಿಸಿದರು.
ಮತ್ತೆ ನೋಡಿದರೆ ನನ್ನ ಟೋಪಿ ನನ್ನ ಕೈಯಲ್ಲಿತ್ತು."

ಗುಣವಾಯಿತೆ ಎಂದು ಡಾಕ್ಟರು ಕೇಳುತ್ತಾರೆ. ಏನು ಬರೆಯಲಿ?
ಸೋಮವಾರ ಒಂದೇ ಹಾಜರ್. ಮಂಗಳವಾರ ಎರಡು.
ಬುಧವಾರ ನಿದ್ದೆಯಿಂದ ಎಬ್ಬಿಸಬೇಕಾಯಿತು.
ಪತ್ರ ಹೋಗಿ ಐದು ತಿಂಗಳು;
ನಮ್ಮವನೇ ಎಂದು ಯಾವ ಸರಕಾರವೂ ಬರೆದಿಲ್ಲ.

ಈ ಗುರುವಾರ ಬೇಗ ಹೋಗಿದ್ದೆ, ಎಣಿಕೆ ಮುಗಿದಿರಲಿಲ್ಲ.
"ರೊಯಿಸ್ ಮಿಯಾ."
"ಹಾಜರ್."
ಲೋಕಯ್ಯ ಪುಸ್ತಕದಿಂದ ತಲೆ ಎತ್ತದೆ,
ಬೆರಳನ್ನು ಆ ಸಾಲಿನಲ್ಲೇ ಇಟ್ಟು,
ಇನ್ನೊಂದು ಹಾಜರಿಗೆ ಬೇಕಾಗುವಷ್ಟು ಹೊತ್ತು ಕಾದು
ಮುಂದಿನ ಹೆಸರಿಗೆ ಹೋದ.